ದನದ ವೈರಸ್ಸಿನ ಹೊದಿಕೆ, ಎಚ್‌ಐವಿಯ ಒಡಲು: ಜೀನ್ ಸಾಗಿಸುವ ಕಣವನ್ನು ಕಟ್ಟುವುದು ಹೇಗೆ

(ಜೀವವಿಜ್ಞಾನದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊರಗಿನ ಒಂದು ಜೀನನ್ನು ಜೀವಕೋಶದೊಳಗೆ ಸೇರಿಸಬೇಕೆಂದರೆ ಮೂರು ತಡೆ ದಾಟಬೇಕು. ಮೊದಲನೆಯದು ಕೋಶದ ಹೊರಪೊರೆ. ಅದು ಕೊಬ್ಬಿನ ಪದರ. ಡಿಎನ್‌ಎ ಮೈತುಂಬ ಋಣ ವಿದ್ಯುದಂಶ ಹೊತ್ತ ಎಳೆ, ತಾನಾಗಿ ಆ ಪೊರೆಯನ್ನು ದಾಟಲಾರದು. ಹೇಗೋ ಒಳಗೆ ನುಂಗಲ್ಪಟ್ಟರೂ ಎಂಡೋಸೋಮ್ ಎಂಬ ಚೀಲದಲ್ಲಿ ಸಿಕ್ಕಿಬಿದ್ದು ಅಲ್ಲೇ ಜೀರ್ಣವಾಗಿಹೋಗುತ್ತದೆ. ಇದು ಎರಡನೆಯ ತಡೆ. ಅದನ್ನೂ ತಪ್ಪಿಸಿಕೊಂಡರೆ ಕೋಶಕೇಂದ್ರದ ಪೊರೆ ಎದುರಾಗುತ್ತದೆ. ವೈರಸ್ಸುಗಳಿಗೆ ಈ ಮೂರನ್ನೂ ದಾಟುವುದೇ ಬದುಕು. ಅದಕ್ಕೆ ಬೇಕಾದ ಪ್ರೋಟೀನುಗಳು ಅವುಗಳ ಬಳಿ ಇವೆ. ನಾವು ಆ ಪ್ರೋಟೀನುಗಳನ್ನು ಮಾತ್ರ ತೆಗೆದುಕೊಂಡು, ವೈರಸ್ಸಿನ ಸ್ವಂತ ಜೀನುಗಳನ್ನು ಹೊರಗಿಟ್ಟು, ಆ ಜಾಗದಲ್ಲಿ ನಮಗೆ ಬೇಕಾದ ಜೀನನ್ನು ಇಡುತ್ತೇವೆ. ವೈರಲ್ ವೆಕ್ಟರ್ ಎಂದರೆ ಇಷ್ಟೇ.

ಇಂಥ ವೆಕ್ಟರುಗಳು ಹಲವಿವೆ: ಅಡೆನೋವೈರಸ್, ಎಎವಿ (ಅಡೆನೋ-ಅಸೋಸಿಯೇಟೆಡ್ ವೈರಸ್), ಹರ್ಪಿಸ್. ಎಲ್ಲವನ್ನೂ ಮುಟ್ಟಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ. ಇವತ್ತು ಒಂದೇ ಒಂದು ಜೋಡಿಯನ್ನು ಪೂರ್ತಿ ನೋಡೋಣ: ಎಚ್‌ಐವಿಯಿಂದ ತೆಗೆದ ಒಳಗಿನ ಪ್ರೋಟೀನುಗಳು ಮತ್ತು ದನಗಳ ಒಂದು ವೈರಸ್ಸಿನಿಂದ ತೆಗೆದ ಹೊರಹೊದಿಕೆಯ ಪ್ರೋಟೀನ್. ಪ್ರಯೋಗಾಲಯಗಳಲ್ಲಿ ಲೆಂಟಿವೈರಸ್ ಎಂದು ಕರೆಯುವುದು ಸಾಮಾನ್ಯವಾಗಿ ಈ ಜೋಡಿಯನ್ನೇ. ನಮ್ಮ ವಾದ ಒಂದೇ. ಪ್ರಯೋಗ ಕೆಟ್ಟಾಗ ವಿದ್ಯಾರ್ಥಿಗಳು ಮೊದಲು ಒಳಗಿಟ್ಟ ಜೀನನ್ನು ಅನುಮಾನಿಸುತ್ತಾರೆ. ಆದರೆ ಕಣ ಯಾವ ಕೋಶಕ್ಕೆ ಹೋಗಬೇಕು, ಎಷ್ಟು ಹೋಗಬೇಕು, ಎಷ್ಟು ಹೊತ್ತು ಬಾಳಬೇಕು ಎಂಬುದನ್ನು ಬಹುಪಾಲು ನಿರ್ಧರಿಸುವುದು ಹೊದಿಕೆಯ ಪ್ರೋಟೀನ್. ಅದರ ಸ್ವಭಾವ ಗೊತ್ತಿಲ್ಲದೆ ಈ ಕೆಲಸ ಮಾಡುವುದು ಕಷ್ಟ.

ಹೊದಿಕೆ

ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಸ್ ಅಮೆರಿಕ ಖಂಡಗಳಲ್ಲಿ ದನ, ಕುದುರೆ, ಹಂದಿಗಳಿಗೆ ಬರುವ ರೋಗಕ್ಕೆ ಕಾರಣ. ಬಾಯಿ, ಕೆಚ್ಚಲು, ಗೊರಸಿನ ಸುತ್ತ ಗುಳ್ಳೆ ಏಳುತ್ತವೆ. ನೋಡಲು ನಮ್ಮ ಕಾಲುಬಾಯಿ ರೋಗದಂತೆಯೇ ಇರುತ್ತದೆ, ಆದರೆ ವೈರಸ್ ಬೇರೆ, ರೇಬೀಸ್ ಕುಟುಂಬಕ್ಕೆ ಸೇರಿದ್ದು. ಇದರ ಮೈಮೇಲೆ ಒಂದೇ ಬಗೆಯ ಪ್ರೋಟೀನ್ ಇದೆ: ಜಿ. ಕಟ್ಟುವಾಗ 511 ಅಮೈನೋ ಆಮ್ಲಗಳ ಸರಪಳಿ. ಮೂರು ಸರಪಳಿ ಸೇರಿ ಒಂದು ಮುಳ್ಳಾಗುತ್ತದೆ.

ಜಿ ಪ್ರೋಟೀನ್ ಎರಡು ಕೆಲಸ ಮಾಡುತ್ತದೆ. ಒಂದು, ಕೋಶಕ್ಕೆ ಅಂಟಿಕೊಳ್ಳುವುದು. ಅದು ಹಿಡಿಯುವುದು ಎಲ್‌ಡಿಎಲ್ ಗ್ರಾಹಕವನ್ನು, ಅಂದರೆ ರಕ್ತದ ಕೊಲೆಸ್ಟರಾಲನ್ನು ಕೋಶದೊಳಕ್ಕೆ ಎಳೆದುಕೊಳ್ಳುವ ಅದೇ ಗ್ರಾಹಕವನ್ನು, ಮತ್ತು ಅದರ ದಾಯಾದಿಗಳನ್ನು. ಇದು ಖಚಿತವಾದದ್ದು 2013ರಲ್ಲಿ. ಅಲ್ಲಿಯವರೆಗೆ ಪೊರೆಯ ಕೊಬ್ಬಿಗೇ ಅಂಟುತ್ತದೆ ಎಂದು ಬಹಳ ಮಂದಿ ನಂಬಿದ್ದರು. ಹಳೆಯ ಪಠ್ಯಗಳಲ್ಲಿ ಇನ್ನೂ ಹಾಗೇ ಇದೆ, ಓದುವಾಗ ತಿದ್ದಿಕೊಳ್ಳಿ. ಎರಡು, ಪೊರೆಗಳನ್ನು ಬೆಸೆಯುವುದು. ಅಂಟಿಕೊಂಡ ಕಣವನ್ನು ಕೋಶ ನುಂಗುತ್ತದೆ, ಎಂಡೋಸೋಮ್ ಹುಳಿಯಾಗುತ್ತ ಹೋಗುತ್ತದೆ. ಪಿಹೆಚ್ 6.5ರಿಂದ ಕೆಳಗಿಳಿದಾಗ ಜಿ ಮಡಿಕೆ ಬದಲಿಸಿ ತುದಿಯನ್ನು ಎಂಡೋಸೋಮಿನ ಪೊರೆಗೆ ಚುಚ್ಚಿ, ಎರಡೂ ಪೊರೆಗಳನ್ನು ಹತ್ತಿರಕ್ಕೆ ಎಳೆದು ಒಂದಾಗಿಸುತ್ತದೆ. ಒಳಗಿನದು ಕೋಶರಸಕ್ಕೆ ಇಳಿಯುತ್ತದೆ. ಮೊದಲು ಹೇಳಿದ ಎರಡನೆಯ ತಡೆಯನ್ನು ಕಣ ಹೀಗೆ ದಾಟಿತು. ಜೀರ್ಣಿಸುವ ಹುಳಿಯನ್ನೇ ಬಾಗಿಲು ತೆರೆಯುವ ಸೂಚನೆಯಾಗಿ ಬಳಸುವ ಈ ಏರ್ಪಾಡನ್ನು ಎಷ್ಟು ಸಲ ನೋಡಿದರೂ ಬೆರಗು ಕಡಿಮೆಯಾಗುವುದಿಲ್ಲ.

ಎಚ್‌ಐವಿಗೆ ತನ್ನದೇ ಹೊದಿಕೆ ಇರುವಾಗ ಇದೇಕೆ? ಎಚ್‌ಐವಿಯ ಹೊದಿಕೆ ಸಿಡಿ4 ಎಂಬ ಗ್ರಾಹಕ ಇರುವ ಕೋಶಗಳನ್ನು ಮಾತ್ರ ಹಿಡಿಯುತ್ತದೆ. ಅದೂ ಅಲ್ಲದೆ ಎಚ್‌ಐವಿ ಸೇರಿದ ರೆಟ್ರೋವೈರಸ್ಸುಗಳ (ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸುವ ವೈರಸ್ಸುಗಳ) ಸ್ವಂತ ಮುಳ್ಳು ಎರಡು ತುಂಡುಗಳದ್ದು, ಹಲವುದರಲ್ಲಿ ಆ ತುಂಡುಗಳ ನಡುವಿನ ಹಿಡಿತ ಸಡಿಲ. ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿದರೆ ಹೊರತುಂಡು ಕಳಚಿ ಬೀಳುತ್ತದೆ. ಜಿ ಸರಪಳಿ ಹೀಗೆ ತುಂಡಾಗಿಲ್ಲ, ಕಳಚುವ ಮಾತಿಲ್ಲ. 1993ರಲ್ಲಿ ಬರ್ನ್ಸ್, ಫ್ರೀಡ್‌ಮನ್, ಯೀ ಮತ್ತು ಸಂಗಡಿಗರು ಇಲಿಯ ರೆಟ್ರೋವೈರಸ್ಸಿಗೆ ಜಿ ತೊಡಿಸಿದಾಗ ಎರಡು ಲಾಭ ಒಟ್ಟಿಗೆ ಬಂದವು: ಕಣಗಳನ್ನು ಸೆಂಟ್ರಿಫ್ಯೂಜಿನಲ್ಲಿ ಗಟ್ಟಿಗೊಳಿಸಬಹುದಾಯಿತು, ಮೀನಿನ ಕೋಶಗಳಿಗೂ ಜೀನ್ ಹೋಯಿತು. 1996ರಲ್ಲಿ ನಾಲ್ದೀನಿ, ವರ್ಮಾ, ಟ್ರೋನೋ ಮೊದಲಾದವರು ಇದನ್ನೇ ಎಚ್‌ಐವಿಯ ಒಳಗಿನ ಪ್ರೋಟೀನುಗಳಿಗೆ ತೊಡಿಸಿ, ವಿಭಜನೆಯಾಗದ ನರಕೋಶಗಳಿಗೆ ಜೀನ್ ಸೇರಿಸಿ ತೋರಿಸಿದರು.

ಒಡಲು

ಹೊದಿಕೆಯ ಒಳಗೆ ಗ್ಯಾಗ್ ಎಂಬ ಪ್ರೋಟೀನ್ ಇದೆ, ಒಂದು ಕಣಕ್ಕೆ ಸುಮಾರು 2,500 ಪ್ರತಿ. ಇದೇ ಬುತ್ತಿ ಕಟ್ಟುವ ಕೈ. ಗ್ಯಾಗ್‌ನ ನ್ಯೂಕ್ಲಿಯೋಕ್ಯಾಪ್ಸಿಡ್ ಭಾಗದಲ್ಲಿ ಸತುವನ್ನು ಹಿಡಿದ ಎರಡು ಬೆರಳುಗಳಿವೆ. ಅವು ಆರ್‌ಎನ್‌ಎ ಮೇಲಿನ ಸೈ ಎಂಬ ಗುರುತನ್ನು ಹುಡುಕಿ ಹಿಡಿಯುತ್ತವೆ. ಕೋಶದಲ್ಲಿ ಸಾವಿರಾರು ಬಗೆಯ ಆರ್‌ಎನ್‌ಎ ಇದ್ದರೂ ಸೈ ಗುರುತು ಇರುವುದಕ್ಕೇ ಆದ್ಯತೆ, ಅದರ ಎರಡು ಪ್ರತಿ ಒಂದು ಕಣದೊಳಗೆ ಸೇರುತ್ತವೆ. ಇಡೀ ತಂತ್ರ ನಿಂತಿರುವುದು ಇಲ್ಲಿ. ಪ್ರೋಟೀನುಗಳನ್ನು ಮಾಡುವ ಜೀನುಗಳಿಂದ ಸೈ ತೆಗೆದುಹಾಕಿ, ನಮ್ಮ ಜೀನಿಗೆ ಮಾತ್ರ ಸೈ ಕೊಟ್ಟರೆ, ಕಟ್ಟುವವರು ಹೊರಗೇ ಉಳಿದು ಬುತ್ತಿ ಮಾತ್ರ ಹೊರಡುತ್ತದೆ. ತಲುಪಿದ ಕೋಶದಲ್ಲಿ ಹೊಸ ಕಣ ಹುಟ್ಟುವುದಿಲ್ಲ.

ಕಣ ಹೊರಬಿದ್ದ ಮೇಲೆ ಪ್ರೋಟಿಯೇಸ್ ಕಿಣ್ವ ಗ್ಯಾಗನ್ನು ಕತ್ತರಿಸುತ್ತದೆ. ಕ್ಯಾಪ್ಸಿಡ್ ತುಂಡುಗಳು ಶಂಕುವಿನ ಆಕಾರದ ಚಿಪ್ಪಾಗಿ ಜೋಡಣೆಯಾಗುತ್ತವೆ: ಸುಮಾರು 250 ಷಟ್ಕೋನಗಳು, ಮುಚ್ಚಲು ಸರಿಯಾಗಿ 12 ಪಂಚಕೋನಗಳು. ಶಂಕುವಿನ ಅಗಲದ ತುದಿ ಸುಮಾರು 60 ನ್ಯಾನೋಮೀಟರ್. ಇದು ಕೋಶಕೇಂದ್ರದ ರಂಧ್ರ ತಲುಪುವ ಮೊದಲೇ ಒಡೆಯುತ್ತದೆ ಎಂದು ಬಹಳ ಕಾಲ ಕಲಿಸುತ್ತಿದ್ದೆವು. 2020–21ರ ಹೊತ್ತಿಗೆ ಬಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಶಂಕು ಹೆಚ್ಚುಕಡಿಮೆ ಇಡಿಯಾಗಿಯೇ ರಂಧ್ರದಲ್ಲಿ ತೂರುವುದು ಕಂಡಿತು. ಒಳಗೆ ಆರ್‌ಎನ್‌ಎ ಡಿಎನ್‌ಎ ಆಗಿ ನಕಲಾಗುತ್ತದೆ, ಇಂಟಿಗ್ರೇಸ್ ಅದನ್ನು ವರ್ಣತಂತುವಿಗೆ ಹೊಲಿಯುತ್ತದೆ. ಮೂರನೆಯ ತಡೆಯೂ ಮುಗಿಯಿತು. ಇಲಿಯ ರೆಟ್ರೋವೈರಸ್ಸಿಗೆ ಈ ಶಕ್ತಿ ಇಲ್ಲ, ಕೋಶ ವಿಭಜಿಸಿ ಕೇಂದ್ರದ ಪೊರೆ ಕರಗುವವರೆಗೆ ಅದು ಕಾಯಬೇಕು.

ಎಚ್‌ಐವಿಯಲ್ಲಿ 9 ಜೀನುಗಳಿವೆ. 1998ರಲ್ಲಿ ಬಂದ ಮೂರನೆಯ ತಲೆಮಾರಿನ ವ್ಯವಸ್ಥೆಯಲ್ಲಿ ಉಳಿಸಿಕೊಂಡದ್ದು ಮೂರನ್ನೇ: ಗ್ಯಾಗ್, ಕಿಣ್ವಗಳನ್ನು ಮಾಡುವ ಪಾಲ್, ಆರ್‌ಎನ್‌ಎಯನ್ನು ಕೋಶಕೇಂದ್ರದಿಂದ ಹೊರತರುವ ರೆವ್. ಅವನ್ನೂ ಒಂದೇ ಪ್ಲಾಸ್ಮಿಡ್ಡಿನಲ್ಲಿ (ಡಿಎನ್‌ಎ ಉಂಗುರದಲ್ಲಿ) ಇಟ್ಟಿಲ್ಲ. ಗ್ಯಾಗ್-ಪಾಲ್ ಒಂದರಲ್ಲಿ, ರೆವ್ ಇನ್ನೊಂದರಲ್ಲಿ, ದನದ ವೈರಸ್ಸಿನ ಜಿ ಮೂರನೆಯದರಲ್ಲಿ, ನಮ್ಮ ಜೀನ್ ನಾಲ್ಕನೆಯದರಲ್ಲಿ. ನಾಲ್ಕನೆಯದರ 3' ತುದಿಯ (ಕೊನೆಯ ತುದಿಯ) ಪುನರಾವರ್ತನೆಯಿಂದ ಸುಮಾರು 400 ಅಕ್ಷರ (ಬೇಸ್) ಅಳಿಸಿರುತ್ತಾರೆ. ನಕಲಾಗುವಾಗ ಈ ಅಳಿಕೆ 5' ತುದಿಗೂ (ಮೊದಲ ತುದಿಗೂ) ಬಂದು, ವೈರಸ್ಸಿನ ಪ್ರಮೋಟರ್, ಅಂದರೆ ಜೀನನ್ನು ಚಾಲೂ ಮಾಡುವ ಭಾಗ, ತಾನಾಗಿ ಸಾಯುತ್ತದೆ. ಮತ್ತೆ ಪೂರ್ಣ ವೈರಸ್ ಹುಟ್ಟಬೇಕಾದರೆ ನಾಲ್ಕೂ ಪ್ಲಾಸ್ಮಿಡ್ಡುಗಳು ಕೂಡಿಕೊಳ್ಳಬೇಕು, ಅಳಿಸಿದ್ದು ಮರಳಿ ಬರಬೇಕು. ಹಾಗಾಗುವುದು ಅತಿ ದುರ್ಲಭ. ಆದರೂ ಚಿಕಿತ್ಸೆಗೆ ಹೋಗುವ ಪ್ರತಿ ಸಲದ ತಯಾರಿಯನ್ನೂ ಅದಕ್ಕಾಗಿ ಪರೀಕ್ಷಿಸುತ್ತಾರೆ.

ಬುತ್ತಿಯಲ್ಲಿ ಏನಿಡಬೇಕು, ಏನಿಡಬಾರದು

ಕಣ ಕಟ್ಟುವ ಮುನ್ನವೇ ಕಾಗದದ ಮೇಲೆ ಆಗುವ ತಪ್ಪುಗಳು ಇಲ್ಲಿವೆ. ಇವಕ್ಕೆ ಮೂರು ತಿಂಗಳ ಕೆಲಸ ಬಲಿಯಾಗುವುದುಂಟು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಮೊದಲನೆಯದು ಉದ್ದ. ಎಚ್‌ಐವಿಯ ಸ್ವಂತ ಜೀನೋಮ್ 9,700 ಅಕ್ಷರಗಳ ಆಸುಪಾಸು. ಒಂದು ತುದಿಯಿಂದ ಇನ್ನೊಂದು ತುದಿಗೆ ಅಷ್ಟರೊಳಗೆ ಇದ್ದರೆ ಒಳ್ಳೆಯದು. ಅದನ್ನು ಮೀರಿದರೂ ಕಟ್ಟುತ್ತದೆ, ಆದರೆ ಒಂದೊಂದು ಸಾವಿರ ಅಕ್ಷರಕ್ಕೂ ಇಳುವರಿ ಬೀಳುತ್ತ ಹೋಗುತ್ತದೆ. ನಮ್ಮ ಪ್ರಮೋಟರ್ ಮತ್ತು ಜೀನ್ ಸೇರಿ 7,000ದ ಒಳಗಿದ್ದರೆ ನೆಮ್ಮದಿ. ಎಎವಿಯಲ್ಲಿ ಸಿಗುವ ಜಾಗ 4,700 ಮಾತ್ರ. ಸ್ನಾಯುವಿನ ಪ್ರೋಟೀನಾದ ಡಿಸ್ಟ್ರೋಫಿನ್ ಜೀನಿನ ಸಂಕೇತ ಭಾಗವೇ 11,000, ಅದು ಎಎವಿಯಲ್ಲಿ ಹಿಡಿಸದು, ಇಲ್ಲಿಯೂ ಇಳುವರಿ ಬಹಳ ತಗ್ಗುತ್ತದೆ.

ಎರಡನೆಯದು ಪಾಲಿ-ಎ ಸಂಕೇತ, ಆರ್‌ಎನ್‌ಎ ಇಲ್ಲಿಗೆ ಮುಗಿಯಲಿ ಎನ್ನುವ ಗುರುತು. ಬೇರೆ ಪ್ಲಾಸ್ಮಿಡ್ಡಿನಿಂದ ಜೀನನ್ನು ಎತ್ತಿಡುವಾಗ ಅದರ ಬಾಲದಲ್ಲಿದ್ದ ಪಾಲಿ-ಎ ಕೂಡ ಬಂದುಬಿಡುತ್ತದೆ. ಸಾಧಾರಣ ಪ್ಲಾಸ್ಮಿಡ್ಡಿಗೆ ಅದು ಬೇಕು. ಇಲ್ಲಿ ಮಾತ್ರ ವಿಷ. ಪೂರ್ಣ ಉದ್ದದ ಆರ್‌ಎನ್‌ಎ ಆಗಬೇಕಾದದ್ದು ನಡುವೆಯೇ ತುಂಡಾಗುತ್ತದೆ, 3' ತುದಿ ಇಲ್ಲದ ಆರ್‌ಎನ್‌ಎ ಒಳಗೆ ಸೇರಿದರೂ ನಕಲಾಗದು. ಲಕ್ಷಣ ಹೀಗಿರುತ್ತದೆ: ಗುರುತಿಗೆಂದು ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಇಟ್ಟಿದ್ದರೆ ಕಣ ಕಟ್ಟುವ ಕೋಶಗಳು ಹಸಿರಾಗಿ ಹೊಳೆಯುತ್ತವೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಆದರೆ ಗುರಿಕೋಶದಲ್ಲಿ ಏನೂ ಇಲ್ಲ.

ಮೂರನೆಯದು ಇಂಟ್ರಾನ್, ಜೀನಿನ ನಡುವೆ ಬರುವ, ಪ್ರೋಟೀನಿನ ಸಂಕೇತವಲ್ಲದ ಭಾಗ. ಕಣಕ್ಕೆ ಹೋಗುವುದು ಆರ್‌ಎನ್‌ಎ ಆದ್ದರಿಂದ, ಅದರಲ್ಲಿ ಇಂಟ್ರಾನ್ ಇದ್ದರೆ ಕೋಶ ಅದನ್ನು ಕತ್ತರಿಸಿ ತೆಗೆಯುತ್ತದೆ. ಬೀಟಾ ಗ್ಲೋಬಿನ್ ಜೀನಿಗೆ ಇಂಟ್ರಾನ್ ಇಲ್ಲದೆ ಸಾಕಷ್ಟು ಪ್ರೋಟೀನ್ ಬರುವುದಿಲ್ಲ. ಥಲಸೀಮಿಯಾ ಚಿಕಿತ್ಸೆಯ ವೆಕ್ಟರುಗಳಲ್ಲಿ ಇದಕ್ಕೆ ಕಂಡುಕೊಂಡ ದಾರಿ ಸೊಗಸಾದದ್ದು: ಗ್ಲೋಬಿನ್ ಜೀನನ್ನು ತಿರುಗಾಮುರುಗ ಇಟ್ಟರು. ವೆಕ್ಟರಿನ ಆರ್‌ಎನ್‌ಎ ಓದುವ ದಿಕ್ಕಿನಲ್ಲಿ ಅದು ಇಂಟ್ರಾನ್ ಎಂದು ಗೊತ್ತೇ ಆಗುವುದಿಲ್ಲ, ಹಾಗೇ ಉಳಿಯುತ್ತದೆ. ಗುರಿಕೋಶದಲ್ಲಿ ಡಿಎನ್‌ಎ ಆದ ಮೇಲೆ ಜೀನ್ ತನ್ನ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ.

ಇನ್ನೊಂದು ಸಣ್ಣ ವಿಷಯ. ಎರಡು ತುದಿಗಳಲ್ಲೂ ಒಂದೇ ಬಗೆಯ ಪುನರಾವರ್ತನೆ ಇರುವುದರಿಂದ ಬ್ಯಾಕ್ಟೀರಿಯಾದೊಳಗೆ ಅವು ಕೂಡಿಕೊಂಡು ನಡುವಿನ ಜೀನ್ ಹಾರಿಹೋಗುತ್ತದೆ. ಪುನರ್ಸಂಯೋಜನೆ ಕುಂದಿಸಿದ ಎಸ್‌ಟಿಬಿಎಲ್3 ತಳಿಯಲ್ಲಿ, 30 ಡಿಗ್ರಿಯಲ್ಲಿ ಬೆಳೆಸಿ. ಪ್ರತಿ ಸಲ ತಯಾರಿಸಿದ ಡಿಎನ್‌ಎಯನ್ನೂ ಕತ್ತರಿಸುವ ಕಿಣ್ವ ಹಾಕಿ ಜೆಲ್‌ನಲ್ಲಿ ನೋಡಿಕೊಳ್ಳಿ.

ಕಣ ಕಟ್ಟುವ ಕೆಲಸ

ಕೋಶಗಳು 293ಟಿ. ಮಾನವ ಭ್ರೂಣದ ಮೂತ್ರಪಿಂಡದಿಂದ ಬಂದ ತಳಿ, ಡಿಎನ್‌ಎಯನ್ನು ಸುಲಭವಾಗಿ ತೆಗೆದುಕೊಳ್ಳುತ್ತದೆ. 20ಕ್ಕಿಂತ ಕಡಿಮೆ ಸಲ ಹೊಸ ತಟ್ಟೆಗೆ ದಾಟಿಸಿದ, ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಇಲ್ಲದ ಕೋಶಗಳನ್ನೇ ಬಳಸಿ. ಒಮ್ಮೆ ತಟ್ಟೆ ತುಂಬಿ ಉಕ್ಕುವಷ್ಟು ಬೆಳೆಯಲು ಬಿಟ್ಟರೆ ಆಮೇಲೆ ಅವು ಮೊದಲಿನಂತೆ ಕೆಲಸ ಮಾಡುವುದಿಲ್ಲ.

10 ಸೆಂಟಿಮೀಟರ್ ತಟ್ಟೆಯೊಂದರ ಲೆಕ್ಕ ಹೇಳುತ್ತೇವೆ. ಹಿಂದಿನ ದಿನ 50 ಲಕ್ಷ ಕೋಶಗಳನ್ನು ಹಾಕಿ, ಮರುದಿನ ತಟ್ಟೆ ಶೇಕಡಾ 70–80 ತುಂಬಿರಬೇಕು. ಒಟ್ಟು ಡಿಎನ್‌ಎ 15 ಮೈಕ್ರೋಗ್ರಾಂ: ನಮ್ಮ ಜೀನಿನದು 7.5, ಗ್ಯಾಗ್-ಪಾಲ್ 3.75, ರೆವ್ 1.9, ಜಿ 1.9. ಇದನ್ನು ಸೀರಮ್ ಇಲ್ಲದ 500 ಮೈಕ್ರೋಲೀಟರ್ ಮಾಧ್ಯಮದಲ್ಲಿ ಬೆರೆಸಿ. ಇನ್ನೊಂದು ಟ್ಯೂಬಿನಲ್ಲಿ ಅಷ್ಟೇ ಮಾಧ್ಯಮಕ್ಕೆ ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಪಿಇಐ (ಡಿಎನ್‌ಎಯನ್ನು ಕೋಶದೊಳಗೆ ಒಯ್ಯುವ ಪಾಲಿಮರ್) ದ್ರಾವಣ 45 ಮೈಕ್ರೋಲೀಟರ್. ಅಂದರೆ ತೂಕದಲ್ಲಿ ಡಿಎನ್‌ಎಯ ಮೂರು ಪಟ್ಟು. ಎರಡನ್ನೂ ಸೇರಿಸಿ, ಜೋರಾಗಿ ಅಲುಗಿಸಿ, ಕೋಣೆಯ ತಾಪದಲ್ಲಿ 15–20 ನಿಮಿಷ ಇಟ್ಟು ಹನಿಹನಿಯಾಗಿ ಕೋಶಗಳ ಮೇಲೆ ಬಿಡಿ. ಅರ್ಧ ಗಂಟೆ ಮೀರಿದರೆ ಡಿಎನ್‌ಎ-ಪಿಇಐ ಉಂಡೆಗಳು ದೊಡ್ಡದಾಗಿ ಕೋಶಗಳಿಗೆ ನಂಜಾಗುತ್ತವೆ. ಬೆರೆಸುವ ಮಾಧ್ಯಮದಲ್ಲಿ ಸೀರಮ್ ಇದ್ದರೆ ಉಂಡೆ ಸರಿಯಾಗಿ ಕಟ್ಟುವುದೇ ಇಲ್ಲ. ಮಾಧ್ಯಮವನ್ನು 6 ರಿಂದ 16 ಗಂಟೆಯೊಳಗೆ ಬದಲಿಸಿ. 293ಟಿ ತಟ್ಟೆಗೆ ಸಡಿಲವಾಗಿ ಅಂಟಿರುತ್ತದೆ, ಹೊಸ ಮಾಧ್ಯಮವನ್ನು ಬೆಚ್ಚಗೆ ಮಾಡಿ ಅಂಚಿನಿಂದ ಸುರಿಯಿರಿ.

ಜಿ ಪ್ಲಾಸ್ಮಿಡ್ಡನ್ನು ಹೆಚ್ಚು ಹಾಕಿದರೆ ಕಣ ಹೆಚ್ಚು ಬರುತ್ತದೆ ಎಂದು ಕೈ ಜಾರಿಸುವವರಿದ್ದಾರೆ. ಬೇಡ. ಜಿ ಬೆಸೆಯುವ ಪ್ರೋಟೀನ್ ಎಂದು ಆಗಲೇ ಹೇಳಿದೆವು. ಕೋಶದ ಮೈಮೇಲೆ ಅದು ಅತಿಯಾದರೆ ಅಕ್ಕಪಕ್ಕದ ಕೋಶಗಳು ಒಂದಕ್ಕೊಂದು ಬೆಸೆದು ಹಲವು ಕೇಂದ್ರಗಳ ದೊಡ್ಡ ಮುದ್ದೆಗಳಾಗುತ್ತವೆ, ಬೇಗ ಸಾಯುತ್ತವೆ. ಸ್ವಲ್ಪ ಮುದ್ದೆ ಕಾಣುವುದು ಒಳ್ಳೆಯ ಚಿಹ್ನೆ, ಜಿ ಕೆಲಸ ಮಾಡುತ್ತಿದೆ ಎಂದರ್ಥ. ಒಂದೇ ದಿನಕ್ಕೆ ತಟ್ಟೆಯೆಲ್ಲ ಮುದ್ದೆಯಾದರೆ ಅನುಪಾತ ತಪ್ಪಿದೆ. ಈ ನಂಜಿನ ಕಾರಣದಿಂದಲೇ ಜಿ ಪ್ರೋಟೀನನ್ನು ಸದಾ ಮಾಡುತ್ತಿರುವ ಶಾಶ್ವತ ತಳಿಯನ್ನು ಬೆಳೆಸುವುದು ಕಷ್ಟ. ಪ್ರತಿ ಸಲವೂ ನಾಲ್ಕು ಪ್ಲಾಸ್ಮಿಡ್ ಹಾಕಿ ಹೊಸದಾಗಿ ಕಟ್ಟಬೇಕಾಗಿರುವುದಕ್ಕೂ, ಈ ಚಿಕಿತ್ಸೆಗಳ ಬೆಲೆ ಏರಿರುವುದಕ್ಕೂ ಇದು ಒಂದು ಕಾರಣ.

ಕಣಗಳು ಮಾಧ್ಯಮದಲ್ಲಿ ತೇಲುತ್ತಿರುತ್ತವೆ. 48 ಮತ್ತು 72 ಗಂಟೆಗೆ ಎರಡು ಸಲ ಬಸಿದುಕೊಳ್ಳಿ. ಮೊದಲ ಬಸಿತವನ್ನು 4 ಡಿಗ್ರಿಯಲ್ಲಿಡಿ. 37 ಡಿಗ್ರಿಯಲ್ಲಿ ಕಣಗಳ ಶಕ್ತಿ ಸುಮಾರು 10 ಗಂಟೆಗೆ ಅರ್ಧವಾಗುತ್ತದೆ. ಮೂರು ದಿನ ಕಾದು ಒಟ್ಟಿಗೆ ತೆಗೆಯುವವರು ಮೊದಲ ದಿನದ ಬೆಳೆಯನ್ನು ಕಳೆದುಕೊಳ್ಳುತ್ತಾರೆ. 500 ಜಿ (ಇಲ್ಲಿ ಜಿ ಎಂದರೆ ಗುರುತ್ವದ ಅಳತೆ, ಪ್ರೋಟೀನ್ ಅಲ್ಲ) ವೇಗದಲ್ಲಿ 10 ನಿಮಿಷ ತಿರುಗಿಸಿ ಕೋಶದ ಚೂರುಗಳನ್ನು ತೆಗೆದು, 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ. ಶೋಧಕ ಪಿಇಎಸ್ ಅಥವಾ ಪಿವಿಡಿಎಫ್ ಇರಲಿ. ನೈಟ್ರೋಸೆಲ್ಯುಲೋಸ್ ಹೊದಿಕೆಯ ಪ್ರೋಟೀನನ್ನೇ ಹೀರಿಕೊಂಡು ಕಣಗಳನ್ನು ತಡೆದಿಡುತ್ತದೆ. ಸೂಕ್ಷ್ಮಜೀವಿ ಬರಬಾರದೆಂದು 0.22 ಬಳಸಿದರೆ ಇಳುವರಿ ತಗ್ಗುತ್ತದೆ.

ಗಟ್ಟಿಗೊಳಿಸುವುದಕ್ಕೆ ಅಲ್ಟ್ರಾಸೆಂಟ್ರಿಫ್ಯೂಜ್: ಟ್ಯೂಬಿನ ತಳದಲ್ಲಿ ಶೇಕಡಾ 20ರ ಸಕ್ಕರೆ ದ್ರಾವಣದ ಹಾಸು, ಮೇಲೆ 30 ಮಿಲಿಲೀಟರ್ ಬಸಿತ, 4 ಡಿಗ್ರಿಯಲ್ಲಿ ಸುಮಾರು 80,000 ಜಿ, 2 ಗಂಟೆ. ಬಸಿತದ ಪ್ರೋಟೀನುಗಳು ಸಕ್ಕರೆಯ ಮೇಲೆಯೇ ನಿಲ್ಲುತ್ತವೆ, ಕಣಗಳು ತಳ ಸೇರುತ್ತವೆ. ತಳದ ಚುಕ್ಕೆ ಗಾಜಿನಂತೆ, ಬಹಳ ಸಲ ಕಾಣುವುದೇ ಇಲ್ಲ. ಟ್ಯೂಬ್ ಹಾಕುವ ಮುನ್ನವೇ ಹೊರಗೋಡೆಯ ಮೇಲೆ ಗುರುತು ಮಾಡಿಕೊಳ್ಳಿ. 300 ಮೈಕ್ರೋಲೀಟರ್ ದ್ರಾವಣ ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ನೆನೆಯಲು ಬಿಟ್ಟು, ಬೆಳಗ್ಗೆ ನಿಧಾನವಾಗಿ ಪಿಪೆಟ್ಟಿನಿಂದ ಕಲಸಿ. ನೊರೆ ಏಳಬಾರದು. 20–50 ಮೈಕ್ರೋಲೀಟರಿನ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, ಪ್ರತಿ ಸಲವೂ ಶಕ್ತಿಯ ಒಂದು ಪಾಲು ಹೋಗುತ್ತದೆ.

ಇದೆಲ್ಲವೂ ಜೈವಿಕ ಸುರಕ್ಷತೆಯ ಎರಡನೆಯ ಹಂತದ ಕೋಣೆಯಲ್ಲಿ, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೊಂದಿಗೆ ನಡೆಯಬೇಕು. ಕಣ ಮರಿ ಹಾಕದು, ನಿಜ. ಆದರೆ ಕೈಗೆ ಚುಚ್ಚಿಕೊಂಡರೆ ನಿಮ್ಮ ಕೋಶದೊಳಗೂ ಹೋಗಿ ಹೊಲಿದುಕೊಳ್ಳುತ್ತದೆ. ಜಿ ಬಹುತೇಕ ಎಲ್ಲ ಕೋಶವನ್ನೂ ಹಿಡಿಯುತ್ತದೆ ಎಂಬುದು ಇಲ್ಲಿ ಅಪಾಯದ ಮಾತು. ಸೂಜಿ ಮತ್ತು ಗಾಜಿನ ಪಿಪೆಟ್ಟನ್ನು ಈ ಕೆಲಸದಿಂದ ದೂರವಿಡಿ. ಒಳಗಿಟ್ಟ ಜೀನ್ ಕ್ಯಾನ್ಸರ್ ಹುಟ್ಟಿಸುವಂಥದ್ದಾಗಿದ್ದರೆ ಎಚ್ಚರ ಇನ್ನೂ ಹೆಚ್ಚಬೇಕು.

ಎಣಿಕೆ

ಎಣಿಸದ ವೈರಸ್ ಬಳಸಬೇಡಿ. ಎಣಿಕೆ ಎರಡು ಬಗೆ, ಎರಡರ ಉತ್ತರವೂ ಬೇರೆ ಬೇರೆ. ಪಿ24 ಎಂಬ ಕ್ಯಾಪ್ಸಿಡ್ ಪ್ರೋಟೀನನ್ನು ಅಳೆದರೆ 1 ನ್ಯಾನೋಗ್ರಾಮಿಗೆ ಸುಮಾರು 1.2 ಕೋಟಿ ಕಣ ಎಂದು ಲೆಕ್ಕ. ಆದರೆ ನೂರರಿಂದ ಸಾವಿರ ಕಣಗಳಲ್ಲಿ ಒಂದು ಮಾತ್ರ ಜೀನ್ ತಲುಪಿಸುತ್ತದೆ. ಜಿ ಪ್ಲಾಸ್ಮಿಡ್ ಹಾಕುವುದನ್ನೇ ಮರೆತರೂ ಪಿ24 ಸಂಖ್ಯೆ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಹೊದಿಕೆಯಿಲ್ಲದೆಯೂ ಗ್ಯಾಗ್ ಕಣ ಕಟ್ಟುತ್ತದೆ. ಆದ್ದರಿಂದ ನಂಬಬೇಕಾದದ್ದು ಕೋಶದ ಮೇಲಿನ ಎಣಿಕೆಯನ್ನು.

ತಟ್ಟೆಯ ಗುಂಡಿಯೊಂದಕ್ಕೆ 1 ಲಕ್ಷ ಕೋಶ ಹಾಕಿ, ವೈರಸ್ಸನ್ನು ಹತ್ತು ಪಟ್ಟು ತೆಳುಮಾಡುತ್ತ ಹಾಕಿ. 3–4 ದಿನ ಬಿಟ್ಟು ಎಷ್ಟು ಕೋಶ ಹಸಿರಾಗಿವೆ ಎಂದು ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರಿನಲ್ಲಿ ನೋಡಿ. ಶೇಕಡಾ 20ಕ್ಕಿಂತ ಕಡಿಮೆ ಹಸಿರಿರುವ ಗುಂಡಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. 1 ಮೈಕ್ರೋಲೀಟರ್ ಹಾಕಿದ ಗುಂಡಿಯಲ್ಲಿ ಶೇಕಡಾ 12 ಹಸಿರಿದ್ದರೆ, ಆ ಒಂದು ಮೈಕ್ರೋಲೀಟರಿನಲ್ಲಿ 12,000 ಕೆಲಸ ಮಾಡುವ ಕಣ, ಮಿಲಿಲೀಟರಿಗೆ 1.2 ಕೋಟಿ. ಗಟ್ಟಿಗೊಳಿಸದ ಬಸಿತದಲ್ಲಿ 10 ಲಕ್ಷದಿಂದ 1 ಕೋಟಿ ಬಂದರೆ ಚೆನ್ನಾಗಿ ಕಟ್ಟಿದ್ದೀರಿ ಎಂದರ್ಥ.

ಶೇಕಡಾ 20ರ ಮಿತಿ ಏಕೆ? ಕಣಗಳು ಕೋಶಗಳ ಮೇಲೆ ಮಳೆಹನಿಯಂತೆ ಬೀಳುತ್ತವೆ, ಹಂಚಿಕೊಂಡು ಬೀಳುವುದಿಲ್ಲ. ಕೋಶಕ್ಕೊಂದರಂತೆ ಕಣ ಹಾಕಿದರೆ ಶೇಕಡಾ 63 ಕೋಶಗಳಿಗೆ ಮಾತ್ರ ತಲುಪುತ್ತದೆ, 37ಕ್ಕೆ ಏನೂ ಸಿಗುವುದಿಲ್ಲ, 26ಕ್ಕೆ ಒಂದಕ್ಕಿಂತ ಹೆಚ್ಚು ಸಿಗುತ್ತವೆ. ಎರಡು ಬಿದ್ದ ಕೋಶವನ್ನೂ ಯಂತ್ರ ಒಂದೇ ಹಸಿರು ಎಂದು ಎಣಿಸುತ್ತದೆ. ಕೋಶಕ್ಕೊಂದೇ ಪ್ರತಿ ಬೇಕಿರುವ ಪ್ರಯೋಗಗಳಲ್ಲಿ ಕೋಶಕ್ಕೆ 0.3 ಕಣದ ಅನುಪಾತದಲ್ಲಿ ಹಾಕುವುದು ಇದಕ್ಕೇ. ಆಗ ಶೇಕಡಾ 26 ಕೋಶಗಳಿಗೆ ತಲುಪುತ್ತದೆ, ತಲುಪಿದವುಗಳಲ್ಲಿ ಸುಮಾರು ಶೇಕಡಾ 14ಕ್ಕೆ ಮಾತ್ರ ಒಂದಕ್ಕಿಂತ ಹೆಚ್ಚು.

ಸುಳ್ಳು ಹಸಿರು ಎಂಬುದೂ ಇದೆ. ಕಟ್ಟುವ ಕೋಶದಲ್ಲಿ ತಯಾರಾದ ಹಸಿರು ಪ್ರೋಟೀನ್, ಉಳಿದ ಪ್ಲಾಸ್ಮಿಡ್, ಜಿ ಹೊದ್ದ ಖಾಲಿ ಗುಳ್ಳೆಗಳು ಎಲ್ಲವೂ ಬಸಿತದಲ್ಲಿ ಬರುತ್ತವೆ. ಮೊದಲ ಎರಡು ದಿನ ಕೋಶ ಹಸಿರಾಗಿ ಕಂಡು ವಾರದಲ್ಲಿ ಮಾಸಿದರೆ ಕಾರಣ ಅದೇ ಇರಬಹುದು. ಬಸಿತಕ್ಕೆ ಡಿಎನ್‌ಎ ಕತ್ತರಿಸುವ ಕಿಣ್ವ ಹಾಕಿ. ಒಂದು ಗುಂಡಿಗೆ ಎಝಡ್‌ಟಿ ಔಷಧ ಸೇರಿಸಿ: ಆರ್‌ಎನ್‌ಎ ನಕಲಾಗುವುದನ್ನು ಅದು ತಡೆಯುತ್ತದೆ, ಆ ಗುಂಡಿಯಲ್ಲೂ ಹಸಿರು ಕಂಡರೆ ಅದು ಸುಳ್ಳು. ವರ್ಣತಂತುವಿನಲ್ಲಿ ಎಷ್ಟು ಪ್ರತಿ ಕೂತಿವೆ ಎಂಬ ಪಿಸಿಆರ್ ಎಣಿಕೆಯನ್ನು 10–14 ದಿನ ಕೋಶ ಬೆಳೆಸಿದ ಮೇಲೇ ಮಾಡಿ.

ಬಾಗಿಲು ತೆರೆಯದ ಕೋಶಗಳು

ಈಗ ಮತ್ತೆ ಹೊದಿಕೆಗೆ ಬರೋಣ. 293ಟಿ ಮೇಲೆ ಅಷ್ಟು ಚೆನ್ನಾಗಿ ಎಣಿಕೆ ಬಂದ ವೈರಸ್, ರಕ್ತದಿಂದ ತೆಗೆದ ಟಿ ಕೋಶಗಳ ಮೇಲೆ ಹಾಕಿದರೆ ಸುಮ್ಮನಾಗಿಬಿಡುತ್ತದೆ. ವೈರಸ್ ಹಾಳಾಗಿಲ್ಲ. ವಿಶ್ರಾಂತಿಯಲ್ಲಿರುವ ಟಿ ಕೋಶ, ಬಿ ಕೋಶ, ರಕ್ತದ ಕಾಂಡಕೋಶಗಳ ಮೈಮೇಲೆ ಎಲ್‌ಡಿಎಲ್ ಗ್ರಾಹಕ ಬಹಳ ಕಡಿಮೆ. ಹಿಡಿಯಲು ಹಿಡಿಕೆಯೇ ಇಲ್ಲ. ಸಿಡಿ3, ಸಿಡಿ28 ಪ್ರತಿಕಾಯ ಅಂಟಿಸಿದ ಮಣಿಗಳಿಂದ ಟಿ ಕೋಶಗಳನ್ನು ಒಂದು ದಿನ ಎಬ್ಬಿಸಿದರೆ ಗ್ರಾಹಕ ಮೇಲೆ ಬರುತ್ತದೆ, ಆಗ ವೈರಸ್ ಹಾಕಬೇಕು. ಕ್ಯಾನ್ಸರನ್ನು ಗುರುತಿಸುವ ಜೀನನ್ನು ಟಿ ಕೋಶಗಳಿಗೆ ಸೇರಿಸುವ ಕಾರ್-ಟಿ ಚಿಕಿತ್ಸೆಯಲ್ಲಿ ಎಬ್ಬಿಸುವ ಹಂತ ತಪ್ಪದೆ ಇರುವುದಕ್ಕೆ ಇದೊಂದು ಮುಖ್ಯ ಕಾರಣ.

ಬೇರೆ ಸಹಾಯಗಳೂ ಇವೆ. ಕಣ ಮತ್ತು ಕೋಶ ಎರಡರ ಮೈಯೂ ಋಣ ವಿದ್ಯುದಂಶದ್ದು, ಒಂದನ್ನೊಂದು ದೂಡುತ್ತವೆ. ಮಿಲಿಲೀಟರಿಗೆ 4–8 ಮೈಕ್ರೋಗ್ರಾಂ ಪಾಲಿಬ್ರೀನ್ ಹಾಕಿದರೆ ಆ ದೂಡುವಿಕೆ ತಗ್ಗುತ್ತದೆ. ಕೆಲವು ಕೋಶಗಳಿಗೆ ಪಾಲಿಬ್ರೀನ್ ನಂಜು, ಅಲ್ಲಿ ಪ್ರೋಟಮೈನ್ ಸಲ್ಫೇಟ್ ಬಳಸುತ್ತಾರೆ. 32 ಡಿಗ್ರಿಯಲ್ಲಿ 800 ಜಿ ವೇಗದಲ್ಲಿ ಗಂಟೆ ಹೊತ್ತು ತಿರುಗಿಸಿದರೂ ಸಂಪರ್ಕ ಹೆಚ್ಚುತ್ತದೆ. ಕಾಂಡಕೋಶಗಳಲ್ಲಿ ಇನ್ನೊಂದು ಕಾವಲಿದೆ: ಐಎಫ್‌ಐಟಿಎಂ3 ಎಂಬ ಪ್ರೋಟೀನ್ ಎಂಡೋಸೋಮಿನಲ್ಲಿ ಜಿ ಬೆಸೆಯುವುದನ್ನೇ ತಡೆಯುತ್ತದೆ. ಸೈಕ್ಲೋಸ್ಪೋರಿನ್ ಎಚ್ ಆ ಕಾವಲನ್ನು ಸಡಿಲಿಸುತ್ತದೆ ಎಂದು 2018ರಲ್ಲಿ ತೋರಿಸಿದರು. ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳ ತೊಂದರೆ ಬೇರೆ: ಅಲ್ಲಿ ಬಾಗಿಲು ತೆರೆಯುತ್ತದೆ, ಆದರೆ ಎಸ್‌ಎಎಂಎಚ್‌ಡಿ1 ಎಂಬ ಕಿಣ್ವ ಡಿಎನ್‌ಎ ಕಟ್ಟಲು ಬೇಕಾದ ಇಟ್ಟಿಗೆಗಳನ್ನೇ ಮುಗಿಸಿರುತ್ತದೆ.

ಇಲ್ಲವೇ ಹೊದಿಕೆಯನ್ನೇ ಬದಲಿಸಬಹುದು. ಬಬೂನ್ ಮಂಗದ ರೆಟ್ರೋವೈರಸ್ಸಿನ ಹೊದಿಕೆ ಕಾಂಡಕೋಶಗಳನ್ನು ಚೆನ್ನಾಗಿ ಹಿಡಿಯುತ್ತದೆ. ರೇಬೀಸಿನ ಜಿ ತೊಡಿಸಿದರೆ ಕಣ ನರದ ತುದಿಯಿಂದ ಹಿಮ್ಮುಖವಾಗಿ ಕೋಶದ ದೇಹಕ್ಕೆ ಸಾಗುತ್ತದೆ. ದಡಾರ ಮತ್ತು ನಿಪಾ ವೈರಸ್ಸುಗಳಲ್ಲಿ ಹಿಡಿಯುವ ಪ್ರೋಟೀನ್ ಬೇರೆ, ಬೆಸೆಯುವ ಪ್ರೋಟೀನ್ ಬೇರೆ. ಹಿಡಿಯುವುದರ ಜಾಗಕ್ಕೆ ನಮಗೆ ಬೇಕಾದ ಪ್ರತಿಕಾಯದ ತುಂಡು ಕೂರಿಸಿದರೆ ಬೇಕಾದ ಕೋಶಕ್ಕೆ ಮಾತ್ರ ಹೋಗುತ್ತದೆ. ಜಿ ಪ್ರೋಟೀನಿನಲ್ಲಿ ಎರಡೂ ಕೆಲಸ ಒಂದರಲ್ಲೇ ಇರುವುದರಿಂದ ಹೀಗೆ ಬಿಡಿಸುವುದು ಆಗದು ಎನಿಸಿತ್ತು. ಅದರ ರಚನೆ ಗೊತ್ತಾದ ಮೇಲೆ ಆ ಮಾತು ಬಿದ್ದುಹೋಯಿತು: 47ನೆಯ ಲೈಸಿನ್, 354ನೆಯ ಅರ್ಜಿನಿನ್ ಬದಲಿಸಿದರೆ ಎಲ್‌ಡಿಎಲ್ ಗ್ರಾಹಕದ ಹಿಡಿತ ಹೋಗುತ್ತದೆ, ಬೆಸೆಯುವ ಶಕ್ತಿ ಉಳಿಯುತ್ತದೆ. ಆ ಕುರುಡು ಜಿ ಪಕ್ಕದಲ್ಲಿ ಟಿ ಕೋಶವನ್ನು ಗುರುತಿಸುವ ತುಂಡನ್ನು ನಿಲ್ಲಿಸಿ, ಕಣವನ್ನು ನೇರ ರಕ್ತಕ್ಕೇ ಚುಚ್ಚುವ ಕಾರ್-ಟಿ ಪ್ರಯತ್ನಗಳು ಈಗ ನಡೆಯುತ್ತಿವೆ. ಮೂಲ ಜಿ ಇದ್ದರೆ ಅದು ಸುಲಭವಲ್ಲ. ಬಹುತೇಕ ಎಲ್ಲ ಕೋಶವನ್ನೂ ಹಿಡಿಯುವ ಕಣ ಮೊದಲು ಯಕೃತ್ತಿಗೆ ಹೋಗಿ ಮುಗಿಯುತ್ತದೆ, ಜೊತೆಗೆ ಮನುಷ್ಯರ ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಈವರೆಗಿನ ಚಿಕಿತ್ಸೆಗಳಲ್ಲಿ ಕೋಶಗಳನ್ನು ಹೊರಗೆ ತೆಗೆದು, ತಟ್ಟೆಯಲ್ಲಿ ಜೀನ್ ಸೇರಿಸಿ, ಮತ್ತೆ ದೇಹಕ್ಕೆ ಹಾಕುತ್ತ ಬಂದದ್ದು ಇದರಿಂದಲೂ ಹೌದು.

ಹೊಲಿಗೆ ಎಲ್ಲಿ ಬೀಳುತ್ತದೆ

ವರ್ಣತಂತುವಿಗೆ ಹೊಲಿಯುವುದರಿಂದ ಲಾಭ ಶಾಶ್ವತ, ತಪ್ಪೂ ಶಾಶ್ವತ. ಪ್ಯಾರಿಸ್ ಮತ್ತು ಲಂಡನ್ನಿನಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ 20 ಮಕ್ಕಳಿಗೆ ಇಲಿಯ ರೆಟ್ರೋವೈರಸ್ಸಿನಿಂದ ಜೀನ್ ಕೊಟ್ಟರು. ಹೆಚ್ಚಿನವರು ಗುಣವಾದರು, ಆದರೆ ಐವರಿಗೆ ರಕ್ತಕ್ಯಾನ್ಸರ್ ಬಂತು, ಒಂದು ಮಗು ತೀರಿಕೊಂಡಿತು. ವೆಕ್ಟರ್ ಎಲ್‌ಎಂಒ2ನಂಥ, ಕ್ಯಾನ್ಸರ್ ಹುಟ್ಟಿಸಬಲ್ಲ ಜೀನುಗಳ ಪಕ್ಕದಲ್ಲಿ ಕೂತು ತನ್ನ ಬಲವಾದ ಪ್ರಮೋಟರಿನಿಂದ ಅವನ್ನು ಎಬ್ಬಿಸಿತ್ತು. ಇಲಿಯ ವೈರಸ್ಸಿಗೆ ಜೀನುಗಳ ಆರಂಭದ ಜಾಗವೇ ಇಷ್ಟ. ಎಚ್‌ಐವಿಯ ಇಂಟಿಗ್ರೇಸನ್ನು ಎಲ್‌ಇಡಿಜಿಎಫ್ ಎಂಬ ಕೋಶದ ಪ್ರೋಟೀನ್ ಕರೆದೊಯ್ಯುವುದರಿಂದ ಅದು ಕೆಲಸ ನಡೆಯುತ್ತಿರುವ ಜೀನುಗಳ ಒಡಲಿನಲ್ಲಿ ಕೂರುತ್ತದೆ. ಅಪಾಯ ಕಡಿಮೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ: ಮಿದುಳಿನ ಅಡ್ರಿನೋಲ್ಯುಕೋಡಿಸ್ಟ್ರೋಫಿ ಎಂಬ ಆನುವಂಶಿಕ ರೋಗಕ್ಕೆ ಲೆಂಟಿವೈರಲ್ ಚಿಕಿತ್ಸೆ ಪಡೆದ 67 ಹುಡುಗರಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂದದ್ದು 2024ರಲ್ಲಿ ವರದಿಯಾಯಿತು. ಅದರೊಳಗೆ ಕೂರಿಸಿದ್ದ ಪ್ರಮೋಟರ್ ಬಹಳ ಬಲವಾದದ್ದು. ತುದಿಯ ಪ್ರಮೋಟರನ್ನು ಕೊಂದು, ಒಳಗೆ ಅಷ್ಟೇ ಜೋರಿನ ಇನ್ನೊಂದನ್ನು ಇಟ್ಟರೆ ಮಾಡಿದ ರಕ್ಷಣೆಯ ಅರ್ಥ ಬಹುಪಾಲು ಹೋಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಬೇಕಾದ ಕೋಶದಲ್ಲಿ ಮಾತ್ರ ಎಚ್ಚರಗೊಳ್ಳುವ ಪ್ರಮೋಟರ್ ಆರಿಸಿ, ಕೋಶಕ್ಕೆ ಸರಾಸರಿ 5 ಪ್ರತಿ ಮೀರದಂತೆ ನೋಡಿಕೊಳ್ಳುವುದು ಈಗಿನ ರೂಢಿ. ಚಿಕಿತ್ಸೆ ಪಡೆದವರನ್ನು 15 ವರ್ಷ ಗಮನಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಕರು ಹೇಳುತ್ತಾರೆ.

ನಮ್ಮ ಸುತ್ತಮುತ್ತಲೂ ಈ ಕೆಲಸ ಬಂದಿದೆ. ಐಐಟಿ ಬಾಂಬೆಯಲ್ಲಿ ಹುಟ್ಟಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕಾರ್-ಟಿ ಚಿಕಿತ್ಸೆಯೂ ಆಮೇಲೆ ಬಳಕೆಗೆ ಬಂತು. ಎರಡರಲ್ಲೂ ಟಿ ಕೋಶಕ್ಕೆ ಜೀನ್ ಒಯ್ಯುವುದು ಲೆಂಟಿವೈರಲ್ ಕಣವೇ. ವೆಲ್ಲೂರಿನ ಸಿಎಂಸಿ ಆವರಣದಲ್ಲಿರುವ, ಬೆಂಗಳೂರಿನ ಇನ್‌ಸ್ಟೆಮ್‌ನ ಘಟಕವಾದ ಕಾಂಡಕೋಶ ಸಂಶೋಧನಾ ಕೇಂದ್ರದಲ್ಲಿ ತೀವ್ರ ಹಿಮೋಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗ) ಇರುವ ಐವರಿಗೆ ಚಿಕಿತ್ಸೆ ನಡೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಂಶದ ಜೀನ್ ಮೊಟಕುಗೊಳಿಸಿದರೂ 4,400 ಅಕ್ಷರ. ಎಎವಿಯಲ್ಲಿ ಕಷ್ಟಪಟ್ಟು ತುರುಕಬೇಕು, ಯಕೃತ್ತು ಬೆಳೆಯುತ್ತಿದ್ದಂತೆ ಅದು ಕರಗಿಯೂ ಹೋಗುತ್ತದೆ, ಎಎವಿಗೆ ಪ್ರತಿಕಾಯ ಇರುವವರಿಗೆ ಕೊಡುವುದೂ ಕಷ್ಟ. ಆದ್ದರಿಂದ ಇಲ್ಲಿ ಲೆಂಟಿವೈರಸ್ಸಿನಿಂದ ರೋಗಿಯದೇ ಕಾಂಡಕೋಶಗಳಿಗೆ ಜೀನ್ ಸೇರಿಸಿದರು. ಪ್ರಮೋಟರ್ ಸಿಡಿ68, ಮೊನೋಸೈಟ್ ವಂಶದ ಕೋಶಗಳಲ್ಲಿ ಮಾತ್ರ ಎಚ್ಚರಗೊಳ್ಳುವಂಥದ್ದು. ಜೀನ್ ಮನುಷ್ಯನದಕ್ಕೆ ಹಂದಿಯ ಕೆಲವು ತುಣುಕು ಬೆರೆಸಿದ್ದು, ಹಾಗೆ ಬೆರೆಸಿದರೆ ಪ್ರೋಟೀನ್ ಹೆಚ್ಚು ಹೊರಬರುತ್ತದೆ. ಕಾಂಡಕೋಶಗಳ ಬಾಗಿಲು ಗಟ್ಟಿ ಎಂದು ಆಗಲೇ ಹೇಳಿದೆವಲ್ಲ: ಮೊದಲ ಇಬ್ಬರಿಗೆ ಪ್ರವೇಶ ಹೆಚ್ಚಿಸುವ ವಸ್ತುವನ್ನು ಬಳಸಿರಲಿಲ್ಲ, ನಂತರದ ಮೂವರಿಗೆ ಬಳಸಿದರು. ಆ ಮೂವರ ರಕ್ತದಲ್ಲಿ ಎಂಟನೆಯ ಅಂಶ ಎದ್ದು ಕಾಣುವಷ್ಟು ಹೆಚ್ಚಿತು. ವರದಿಯಾಗುವ ಹೊತ್ತಿಗೆ ಐವರನ್ನೂ ಸೇರಿಸಿ 81 ತಿಂಗಳು ಗಮನಿಸಿದ್ದರು. ಚಿಕಿತ್ಸೆಯ ನಂತರದ ಆ ಅವಧಿಯಲ್ಲಿ ಐವರಲ್ಲೂ ರಕ್ತಸ್ರಾವದ ವಾರ್ಷಿಕ ಲೆಕ್ಕ ಸೊನ್ನೆ.